ನದೀಪೂರದ ಅನುಮಾನವೂ ಬೆಳಕಿನ ಸೂಕ್ಷ್ಮಾನುನಾದಕವೂ

೧

ನ್ಯಾಯಶಾಸ್ತ್ರವನ್ನು ಸ್ವಲ್ಪಮಟ್ಟಿಗಾದರೂ ಓದಿದವರಿಗೆ ನದೀಪೂರದ ದೃಷ್ಟಾಂತವು ಸುಪರಿಚಿತವಾದುದು. ನದಿಯು ಮುನ್ನಿನಂತಲ್ಲದ ನೀರಿನಿಂದ ತುಂಬಿ ವೇಗವಾಗಿ ಹರಿಯುತ್ತಿರುವುದನ್ನು ಕಂಡವನು ಮೇಲಣ ಸೀಮೆಯಲ್ಲಿ ಮಳೆಯಾಗಿರುವುದೆಂದು ತಿಳಿಯುತ್ತಾನೆ. ಮಳೆಯನ್ನು ಅವನು ಕಂಡಿಲ್ಲ. ಮಳೆಯ ಕಾರ್ಯವನ್ನು ಮಾತ್ರ ಕಂಡಿದ್ದಾನೆ. ಕಾರ್ಯದಿಂದ ಕಾರಣಕ್ಕೆ ಹೋಗುವ ಈ ಬಗೆಯ ಅನುಮಾನಕ್ಕೆ ಗೌತಮನ ಸೂತ್ರಗಳಲ್ಲಿ ಶೇಷವತ್ ಎಂದು ಹೆಸರು. ನದಿಯ ದೃಷ್ಟಾಂತದಿಂದ ಅದನ್ನು ವಿವರಿಸಿದವನು ಭಾಷ್ಯಕಾರನಾದ ವಾತ್ಸ್ಯಾಯನ.

ಅಂಕೋಲೆಯ ಸೀಮೆಯವರಿಗೆ ಇದು ಕೇವಲ ಪುಸ್ತಕದ ಮಾತಲ್ಲ. ಧಾರವಾಡದ ಕಡೆಯಲ್ಲಿ ಹುಟ್ಟಿ, ಬೇಡ್ತಿಯೆಂಬ ಹೆಸರಿನಿಂದ ಘಟ್ಟವನ್ನಿಳಿದು, ಗಂಗಾವಳಿಯಾಗಿ ಕಡಲನ್ನು ಸೇರುವ ಹೊಳೆಗೆ ದೊಡ್ಡ ಅಣೆಕಟ್ಟುಗಳಾವುವೂ ಇಲ್ಲ. ಆದುದರಿಂದ ಊರಿನಲ್ಲಿ ಬಿಸಿಲಿದ್ದರೂ ಹೊಳೆಯು ಕದಡಿ ಏರಿದರೆ ಘಟ್ಟದ ಮೇಲೆ ಮಳೆ ಹೊಯ್ದಿತೆಂದು ನಿಶ್ಚಯಿಸಲು ಅವಕಾಶವುಂಟು. ಕಾರವಾರದ ಕಾಳಿಯ ಸಂಗತಿ ಹಾಗಲ್ಲ. ಆ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಮೊದಲಾದ ಎಡೆಗಳಲ್ಲಿ ಕಟ್ಟೆಗಳಿವೆ. ಕೆಳಗಣ ಕದ್ರಾದ ಬಾಗಿಲುಗಳನ್ನು ತೆರೆದರೆ, ಅಂದು ಮಳೆಯಿರಲಿ ಇಲ್ಲದಿರಲಿ, ಕೆಳದಂಡೆಯ ಗ್ರಾಮಗಳಲ್ಲಿ ನೀರೇರುವುದು. ಅಳಿವೆಯ ಬಳಿಯಲ್ಲಂತೂ ಭರತವೇ ದಿನಕ್ಕೆ ಎರಡಾವರ್ತಿ ನೀರನ್ನು ಏರಿಸಿ ಇಳಿಸುತ್ತದೆ. ಗಂಗಾವಳಿಯಲ್ಲಿಯೂ ಈ ಅನುಮಾನವು ಸರ್ವದಾ ನಿರಪಾಯವಾದುದಲ್ಲ. ೨೦೨೪ನೆಯ ಇಸವಿ ಜುಲೈ ೧೬ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಕುಸಿದು ನದಿಗೆ ಬಿದ್ದಾಗ ಎದುರುದಂಡೆಯ ಉಳುವರೆಗೆ ನೀರು ನುಗ್ಗಿ ಪ್ರಾಣಹಾನಿಯಾಯಿತು. ಆ ನೀರಿನ ಏರಿಕೆಗೆ ಸಾಕ್ಷಾತ್ ಕಾರಣವು ಗುಡ್ಡವೇ ಹೊರತು ಮೇಲಣ ಮಳೆಯ ಪ್ರವಾಹವಲ್ಲ.

ಸೂತ್ರಕಾರನು ಈ ಆಕ್ಷೇಪವನ್ನು ತಾನೇ ಎತ್ತಿದ್ದಾನೆ. ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿಯು ಹೇಳುವ ದೋಷಗಳು ಮೂರು. ಕಟ್ಟೆಯಿಂದ ತಡೆದರೂ ನದಿ ತುಂಬಬಹುದು, ಇದು ರೋಧ. ಇರುವೆಗಳು ಮೊಟ್ಟೆಗಳನ್ನು ಹೊತ್ತು ಸಾಗುವುದು ಮಳೆಯ ಸೂಚನೆಯೆಂದರೆ, ಗೂಡು ಕೆಟ್ಟಾಗಲೂ ಅವು ಹಾಗೆ ಮಾಡುವುವು, ಇದು ಉಪಘಾತ. ನವಿಲಿನ ಕೂಗನ್ನು ಕೇಳಿ ನವಿಲಿದೆಯೆಂದರೆ, ಮನುಷ್ಯನೂ ಅದರಂತೆ ಕೂಗಬಲ್ಲನು, ಇದು ಸಾದೃಶ್ಯ. ಹೀಗೆ ಹೇತುವು ವ್ಯಭಿಚರಿಸುವುದರಿಂದ ಅನುಮಾನವು ಪ್ರಮಾಣವಲ್ಲವೆಂದು ಪೂರ್ವಪಕ್ಷ. ಸಿದ್ಧಾಂತಿಯ ಉತ್ತರವು ಸರಳವಾಗಿದೆ: ದೋಷವು ಅನುಮಾನದ್ದಲ್ಲ, ಅರೆಬರೆಯಾಗಿ ನೋಡಿದವನದು. ಮಳೆಯ ಪೂರಕ್ಕೆ ವಿಶೇಷ ಲಕ್ಷಣಗಳಿವೆ; ಅದರ ಸೆಳವು ಬಿರುಸು, ಅದರ ಮೇಲೆ ನೊರೆಯುಂಟು, ಹಣ್ಣು ಎಲೆ ಕಟ್ಟಿಗೆಗಳು ತೇಲಿ ಬರುವುವು. ಈ ವಿಶೇಷಗಳೊಡನೆ ಕೂಡಿದ ಪೂರವೇ ಹೇತು. ನೀರಿನ ಏರಿಕೆಯೊಂದೇ ಹೇತುವಲ್ಲ.

ಇಷ್ಟು ಹಳೆಯದಾದ ಈ ವಿಚಾರವನ್ನು ಇಲ್ಲಿ ನೆನೆದುದಕ್ಕೆ ಕಾರಣವುಂಟು. ಜೀವಕೋಶವನ್ನು ಆವರಿಸಿರುವ ಅತಿಸೂಕ್ಷ್ಮವಾದ ಪೊರೆಯನ್ನು ಪರೀಕ್ಷಿಸುವುದಕ್ಕಾಗಿ ಭೌತವಿಜ್ಞಾನಿಗಳು ಒಂದು ಸಾಧನವನ್ನು ಕಲ್ಪಿಸಿದ್ದಾರೆ. ಬೆಳಕನ್ನು ಗಾಜಿನ ಕಿರುಗೋಲದೊಳಗೆ ಸುತ್ತಿಸಿ, ಆ ಸುತ್ತಿನಲ್ಲಾಗುವ ಅತ್ಯಲ್ಪ ವ್ಯತ್ಯಾಸದಿಂದ ಗೋಲದ ಮೇಲಿರುವ ಪೊರೆಯ ಸ್ಥಿತಿಯನ್ನು ಅದು ತಿಳಿಸುತ್ತದೆ. ಅದಕ್ಕೆ ಬೆಳಕಿನ ಸೂಕ್ಷ್ಮಾನುನಾದಕವೆಂದು ಹೆಸರಿಡಬಹುದು. ಈ ಸಾಧನವು ಪೊರೆಯನ್ನು "ಕಾಣುತ್ತದೆ" ಎಂದು ಜನಪ್ರಿಯ ಬರಹಗಳಲ್ಲಿ ಹೇಳುವುದುಂಟು. ವಸ್ತುತಃ ಅದು ಏನನ್ನೂ ಕಾಣುವುದಿಲ್ಲ. ನದೀಪೂರದ ಮಾರ್ಗದಲ್ಲಿ ಅನುಮಾನಿಸುತ್ತದೆ. ಅದರ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದು ನೊರೆ ಎಲೆ ಕಟ್ಟಿಗೆಗಳಂತಹ ವಿಶೇಷಗಳನ್ನು ಅದು ಗುರುತಿಸಬಲ್ಲುದೇ ಎಂಬುದನ್ನು ಅವಲಂಬಿಸಿದೆ. ಇದನ್ನು ಕ್ರಮವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪೊರೆಯೆಂದರೇನೆಂಬುದನ್ನು ನೋಡತಕ್ಕದ್ದು. ಕಾಳಿಯ ಅಳಿವೆಯಲ್ಲಿ ಬಂಡೆಗೆ ಕಚ್ಚಿಕೊಂಡಿರುವ ಕಲ್ಲುಚಿಪ್ಪಿಯು ಬೇಸಗೆಯಲ್ಲಿ ಕಡಲಿನಂತೆಯೇ ಉಪ್ಪಾದ ನೀರಿನಲ್ಲಿರುತ್ತದೆ. ಮಳೆಗಾಲ ಬಂತೆಂದರೆ ಅದೇ ಎಡೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಆ ಪ್ರಾಣಿಯು ಸಾಯದೆ ಉಳಿಯುವುದು ಚಿಪ್ಪನ್ನು ಮುಚ್ಚಿಕೊಳ್ಳುವುದರಿಂದ ಮಾತ್ರವಲ್ಲ. ಅದರ ಒಂದೊಂದು ಕೋಶವೂ ಒಳಗೇನಿರಬೇಕು ಹೊರಗೇನಿರಬೇಕು ಎಂಬುದನ್ನು ಗಡಿಯಲ್ಲಿ ನಿಂತು ನಿರ್ಣಯಿಸುತ್ತದೆ. ಉತ್ತರ ಕನ್ನಡದ ಕರಾವಳಿಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗವೆಂಬ ಭತ್ತವು ಉಪ್ಪುನೀರನ್ನು ಸಹಿಸುವುದಕ್ಕೂ ಇಂತಹ ಗಡಿಯ ಕಾವಲೇ ಬೇಕಾಗುತ್ತದೆ. ಆ ಗಡಿಯೇ ಕೋಶದ ಪೊರೆ.

ಪೊರೆಯ ಮುಖ್ಯ ದ್ರವ್ಯವು ಲಿಪಿಡ್ ಎಂಬ ಸ್ನೇಹಜಾತಿಯ ವಸ್ತು. ಇದರ ಒಂದೊಂದು ಅಣುವಿಗೂ ನೀರನ್ನು ಬಯಸುವ ತಲೆಯೊಂದು, ನೀರನ್ನೊಲ್ಲದ ಬಾಲಗಳೆರಡು ಇರುವುವು. ನೀರಿನಲ್ಲಿ ಇವು ತಾವಾಗಿಯೇ ಎರಡು ಸಾಲಾಗಿ, ಬಾಲಕ್ಕೆ ಬಾಲ ಸೇರಿಸಿ, ತಲೆಗಳನ್ನು ಹೊರಗಿಟ್ಟು ನಿಲ್ಲುತ್ತವೆ. ಭೋಜನದ ಎರಡು ಪಂಕ್ತಿಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಂತೆ. ಹೀಗಾದ ಇಮ್ಮಡಿ ಪದರದ ದಪ್ಪವು ೪ರಿಂದ ೫ ನ್ಯಾನೋಮೀಟರು. ನ್ಯಾನೋಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಕಣ್ಣಿಗೆ ತೋರುವ ಬೆಳಕಿನ ಅಲೆಯ ಉದ್ದವೇ ಸುಮಾರು ೪೦೦ರಿಂದ ೭೦೦ ನ್ಯಾನೋಮೀಟರಾಗಿರಲು, ಅದರ ನೂರರಲ್ಲೊಂದು ಪಾಲಿನಷ್ಟು ತೆಳುವಾದ ಪೊರೆಯ ದಪ್ಪವು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ನಿಲುಕದು.

ಬಂದರದ ನೀರಿನ ಮೇಲೆ ಎಣ್ಣೆಯ ಹನಿ ಬಿದ್ದರೆ ಅದು ಕಾಮನಬಿಲ್ಲಿನ ಬಣ್ಣಗಳನ್ನು ತೋರುತ್ತ ಹರಡುವುದನ್ನು ಕಾರವಾರದಲ್ಲಿ ಯಾರು ಬೇಕಾದರೂ ನೋಡಬಹುದು. ಇನ್ನೂ ಹರಡಿದಂತೆ ಬಣ್ಣಗಳು ಅಳಿಯುತ್ತವೆ. ಎಣ್ಣೆಯು ಹೋಯಿತೆಂದು ತೋರುತ್ತದೆ. ಆದರೆ ಆ ಎಡೆಯಲ್ಲಿ ಕಿರಿಯ ತೆರೆಗಳು ಏಳದಿರುವುದರಿಂದ ಎಣ್ಣೆಯು ಇನ್ನೂ ಇದೆಯೆಂದು ತಿಳಿಯುವುದು. ೧೭೭೪ರಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ನನು ಪ್ರಕಟಿಸಿದ ಲೇಖನದಲ್ಲಿ, ಒಂದು ಚಮಚದಷ್ಟೇ ಎಣ್ಣೆಯು ಲಂಡನ್ನಿನ ಬಳಿಯ ಕ್ಲ್ಯಾಪಮ್ ಕೊಳದ ಅರ್ಧ ಎಕರೆಯಷ್ಟು ನೀರನ್ನು ಶಾಂತಗೊಳಿಸಿದ ವೃತ್ತಾಂತವಿದೆ. ೧೮೯೦ರಲ್ಲಿ ಇಂಗ್ಲೆಂಡಿನ ಲಾರ್ಡ್ ರ‍್ಯಾಲೆಯು ಇಂತಹ ಪರೆಯ ದಪ್ಪವನ್ನು ಲೆಕ್ಕಹಾಕಿ ಸುಮಾರು ೧.೬ ನ್ಯಾನೋಮೀಟರೆಂದು ಕಂಡುಹಿಡಿದನು. ಈ ರ‍್ಯಾಲೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಬೇರೊಂದು ದಾರಿಯಲ್ಲಿ ಅವನು ಮತ್ತೆ ಎದುರಾಗುವನು.

ಪೊರೆಯು ಇಮ್ಮಡಿ ಪದರವೆಂಬುದನ್ನು ೧೯೨೫ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬವರು ಪ್ರತಿಪಾದಿಸಿದರು. ಕೆಂಪು ರಕ್ತಕಣಗಳಿಂದ ಲಿಪಿಡನ್ನು ತೆಗೆದು ನೀರಿನ ಮೇಲೆ ಹರಡಲು, ಅದು ಕಣಗಳ ಮೈವಿಸ್ತಾರದ ಇಮ್ಮಡಿಯಷ್ಟು ಎಡೆಯನ್ನು ಆಕ್ರಮಿಸಿತು. ಸಿದ್ಧಾಂತವು ಸರಿಯಾದುದೇ, ಆದರೆ ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದುವೆಂದು ತರುವಾಯ ಗೊತ್ತಾಯಿತು. ಲಿಪಿಡೆಲ್ಲವನ್ನೂ ಅವರು ತೆಗೆದಿರಲಿಲ್ಲ. ಕಣದ ಮೈವಿಸ್ತಾರವನ್ನೂ ಕಡಿಮೆಯಾಗಿ ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿದುದರಿಂದ ಫಲವು ನಿಜಕ್ಕೆ ಹೊಂದಿತು. ಮರವನ್ನು ಕೊರೆಯುವ ಹುಳುವಿನ ಗೆರೆಯು ದೈವಾತ್ ಅಕ್ಷರವಾಗುವ ಘುಣಾಕ್ಷರನ್ಯಾಯಕ್ಕೆ ಇದಕ್ಕಿಂತ ಮೇಲಾದ ಆಧುನಿಕ ನಿದರ್ಶನವು ಸಿಕ್ಕಲಾರದು. ಪೊರೆಯಂತಹ ಅತೀಂದ್ರಿಯ ವಸ್ತುವಿನ ವಿಷಯದಲ್ಲಿ ಹೇತುವನ್ನು ಶೋಧಿಸದೆ ಮುಂದುವರಿಯುವುದು ಅಪಾಯವೆಂಬುದಕ್ಕೂ ಇದೇ ನಿದರ್ಶನ.

೩

ಇನ್ನು ಸಾಧನದ ಮೂಲವನ್ನು ಹುಡುಕುವುದಾದರೆ ಕರಾವಳಿಯನ್ನು ಬಿಟ್ಟು ಘಟ್ಟವನ್ನೇರಿ ವಿಜಯಪುರಕ್ಕೆ ಹೋಗಬೇಕು. ೧೬೫೬ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಸಮಾಧಿಯಾದ ಗೋಳಗುಮ್ಮಟದ ಒಳವ್ಯಾಸವು ಸುಮಾರು ೧೨೪ ಅಡಿ. ನೆಲದಿಂದ ನೂರಡಿಗೂ ಮೇಲೆ ಗುಮ್ಮಟದ ಒಳಗೋಡೆಯನ್ನು ಬಳಸಿ ಒಂದು ಮೊಗಸಾಲೆಯಿದೆ. ಅಲ್ಲಿ ಗೋಡೆಗೆ ಮುಖವಿಟ್ಟು ಆಡಿದ ಪಿಸುಮಾತು ಆಚೆಯ ಮಗ್ಗುಲಲ್ಲಿ ಗೋಡೆಗೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳಿಸುವುದು. ನಡುವಣ ಬಯಲಿನಲ್ಲಿ ನಿಂತವನಿಗೆ ಕೇಳಿಸದು.

ಲಂಡನ್ನಿನ ಸೇಂಟ್ ಪಾಲ್ ದೇವಾಲಯದಲ್ಲಿಯೂ ಇಂತಹುದೇ ಮೊಗಸಾಲೆಯುಂಟು. ಧ್ವನಿಯು ಗುಮ್ಮಟದ ಮೇಲ್ಭಾಗದಿಂದ ಪ್ರತಿಫಲಿಸಿ ಎದುರು ಬಿಂದುವಿನಲ್ಲಿ ಒಟ್ಟುಗೂಡುವುದೆಂದು ಜ್ಯೋತಿರ್ವಿದನಾದ ಏರಿಯು ವಿವರಿಸಿದ್ದನು. ಹಾಗಾದರೆ ಎದುರು ಬಿಂದುವಿನಲ್ಲಿ ಮಾತ್ರ ಕೇಳಿಸಬೇಕು. ವಾಸ್ತವದಲ್ಲಿ ಗೋಡೆಯ ಉದ್ದಕ್ಕೂ ಕೇಳಿಸುವುದೆಂದು ಲಾರ್ಡ್ ರ‍್ಯಾಲೆಯು ಆಕ್ಷೇಪಿಸಿದನು. ಎಣ್ಣೆಯ ಪರೆಯನ್ನು ಅಳೆದವನೇ ಈತನು. ಧ್ವನಿಯು ಬಾಗಿದ ಗೋಡೆಗೆ ಅಂಟಿಕೊಂಡಂತೆ ಹರಿದು ಹೋಗುವುದೆಂಬುದು ಅವನ ಸಿದ್ಧಾಂತ. ೧೯೧೦ರಲ್ಲಿ ಅದನ್ನು ಗಣಿತದಿಂದ ಸಾಧಿಸಿದನು.

೧೯೨೧ರಲ್ಲಿ ಚಂದ್ರಶೇಖರ ವೆಂಕಟರಾಮನ್ನರು ಇಂಗ್ಲೆಂಡಿಗೆ ಹೋಗಿದ್ದಾಗ ಸದರ್ಲೆಂಡ್ ಎಂಬವರೊಡನೆ ಸೇಂಟ್ ಪಾಲ್ ಮೊಗಸಾಲೆಯಲ್ಲಿ ಪ್ರಯೋಗಗಳನ್ನು ನಡೆಸಿದರು. ಗೋಡೆಯಿಂದ ಒಳಕ್ಕೆ ಸರಿದಂತೆ ಧ್ವನಿಯು ಒಂದೇ ಸಮನಾಗಿ ಕುಗ್ಗದೆ, ಹೆಚ್ಚುತ್ತ ಕಡಿಮೆಯಾಗುತ್ತ ಪಟ್ಟೆಪಟ್ಟೆಯಾಗಿರುವುದನ್ನು ಅವರು ಗಮನಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಗೋಳಗುಮ್ಮಟವನ್ನೂ ಭಾರತದ ಇತರ ಕೆಲವು ಕಟ್ಟಡಗಳನ್ನೂ ಪರೀಕ್ಷಿಸಿ ೧೯೨೨ರಲ್ಲಿ ಕಲಕತ್ತೆಯ ವಿಜ್ಞಾನಸಂಸ್ಥೆಯ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಬೆಳಕಿನ ಚದುರುವಿಕೆಯ ವಿಷಯದಲ್ಲಿ ಲೋಕಪ್ರಸಿದ್ಧರಾಗುವುದಕ್ಕೆ ಮುಂಚೆ ಅವರು ಮಾಡಿದ ಕೆಲಸವಿದು. ೧೯೩೩ರಲ್ಲಿ ಬೆಂಗಳೂರಿಗೆ ಬಂದು ೧೯೭೦ರಲ್ಲಿ ಅಲ್ಲಿಯೇ ಕಾಲವಾದ ಆ ಮಹನೀಯರ ಕನ್ನಡನಾಡಿನ ನಂಟು ವಿಜಯಪುರದ ಈ ಗುಮ್ಮಟದಿಂದಲೇ ಮೊದಲಾಯಿತೆನ್ನಬಹುದು.

೪

ಧ್ವನಿಗೆ ಸಲ್ಲುವ ಈ ನಿಯಮವು ಬೆಳಕಿಗೂ ಸಲ್ಲುವುದು, ಎರಡೂ ಅಲೆಗಳೇ. ಆದರೆ ಬೆಳಕಿನ ಅಲೆಯು ಅತ್ಯಲ್ಪವಾದುದರಿಂದ ಅದಕ್ಕೆ ತಕ್ಕ ಗುಮ್ಮಟವೂ ಅತ್ಯಲ್ಪವಾಗಿರಬೇಕು. ಗಾಜಿನ ಎಳೆಯೊಂದರ ತುದಿಯನ್ನು ಜ್ವಾಲೆಯಲ್ಲಿ ಕರಗಿಸಿದರೆ, ಮೇಲ್ಮೈಯ ಬಿಗಿತದಿಂದ ಅದು ಇಬ್ಬನಿಯಂತೆ ದುಂಡಾಗಿ ಆರುವುದು. ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲು ವ್ಯಾಸವುಳ್ಳ ಇಂತಹ ಗೋಲವು ಗೋಳಗುಮ್ಮಟಕ್ಕಿಂತ ಒಂದು ಲಕ್ಷಕ್ಕೂ ಮಿಕ್ಕಿ ಚಿಕ್ಕದು. ಪಕ್ಕದಲ್ಲಿಟ್ಟ ಬೇರೊಂದು ತೆಳುವಾದ ಎಳೆಯಿಂದ ಬೆಳಕನ್ನು ಇದರೊಳಕ್ಕೆ ಸೋರಿಸಿದರೆ, ಅದು ಒಳಮೈಯಿಂದ ಪೂರ್ಣವಾಗಿ ಪ್ರತಿಫಲಿಸುತ್ತ ನಡುಗೆರೆಯನ್ನು ಹಿಡಿದು ಸುತ್ತತೊಡಗುವುದು.

ಸುತ್ತಿ ಬಂದ ಅಲೆಯು ಹೊರಟ ಎಡೆಯನ್ನು ಮುಟ್ಟಿದಾಗ ಏರಿಗೆ ಏರು, ತಗ್ಗಿಗೆ ತಗ್ಗು ಹೊಂದಿಕೊಂಡರೆ ಬೆಳಕು ಸುತ್ತುಸುತ್ತಿಗೂ ಬಲಗೊಳ್ಳುವುದು. ಹೊಂದದಿದ್ದರೆ ತನ್ನನ್ನು ತಾನೇ ಅಳಿಸಿಕೊಳ್ಳುವುದು. ಈ ಹೊಂದಿಕೆಯೇ ಅನುನಾದ. ಶ್ರುತಿಗೂಡಿದ ತಂಬೂರಿಯ ಒಂದು ತಂತಿ ಮಿಡಿದರೆ ಇನ್ನೊಂದು ತಾನೇ ಮಿಡಿಯುವುದನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಸುತ್ತಳತೆಯಲ್ಲಿ ಅಲೆಗಳ ಸಂಖ್ಯೆಯು ಪೂರ್ಣಾಂಕವಾಗಿರಬೇಕೆಂಬುದೇ ನಿಯಮ. ೧,೩೦೦ ನ್ಯಾನೋಮೀಟರು ಉದ್ದದ ಕಣ್ಣಿಗೆ ತೋರದ ಕೆಂಪಾಚೆಯ ಬೆಳಕನ್ನು ಬಳಸಿದರೆ, ಮೇಲ್ಕಂಡ ಗೋಲದ ಸುತ್ತಳತೆಯಲ್ಲಿ ಸುಮಾರು ಸಾವಿರ ಅಲೆಗಳು ಹಿಡಿಯುವುವು. ಹೊಂದುವ ಬಣ್ಣದ ಬೆಳಕು ಬಂದಾಗ ಮಾತ್ರ ಗೋಲವು ಅದನ್ನು ಎಳೆಯಿಂದ ಕದಿಯುವುದರಿಂದ, ಎಳೆಯ ಆಚೆಯ ತುದಿಯಲ್ಲಿ ಬೆಳಕು ಆ ಒಂದು ಬಣ್ಣದಲ್ಲಿ ಕುಗ್ಗಿರುವುದು. ಈ ಕುಗ್ಗಿನ ಸ್ಥಾನವನ್ನೇ ಅಳೆಯುವುದು.

ಕುಗ್ಗು ಎಷ್ಟು ಕಿರಿದಾಗಿದ್ದರೆ ಅಷ್ಟು ನಿಖರವಾಗಿ ಅದರ ಸ್ಥಾನವನ್ನು ಹೇಳಬಹುದು. ಈ ಕಿರಿದುತನವನ್ನು ಗುಣಾಂಕವೆಂಬ ಸಂಖ್ಯೆಯಿಂದ ಸೂಚಿಸುವರು. ಗುಣಾಂಕವು ೧೦ ಲಕ್ಷವಾಗಿದ್ದರೆ ಮೇಲೆ ಹೇಳಿದ ಗೋಲದಲ್ಲಿ ಬೆಳಕು ಅಳಿಯುವ ಮೊದಲು ಸುಮಾರು ೧೫೦ ಸುತ್ತು ಬರುವುದು. ೧೯೮೯ರಲ್ಲಿ ಮಾಸ್ಕೋದ ಬ್ರಗಿನ್ಸ್ಕಿ, ಗೊರೊದೆತ್ಸ್ಕಿ, ಇಲ್ಚೆಂಕೊ ಎಂಬ ವಿದ್ವಾಂಸರು ಗಾಜಿನ ಗೋಲಗಳಲ್ಲಿ ಇದಕ್ಕಿಂತಲೂ ಬಹಳ ಹಿರಿದಾದ ಗುಣಾಂಕಗಳು ಸಾಧ್ಯವೆಂದು ತೋರಿಸಿದರು. ೨೦೦೨ರಲ್ಲಿ ಅಮೆರಿಕದ ಫೋಲ್ಮರ್, ಆರ್ನಲ್ಡ್ ಮತ್ತು ಅವರ ಸಂಗಡಿಗರು ಇಂತಹ ಗೋಲದ ಮೇಲೆ ಪ್ರೋಟೀನು ಅಂಟಿದೊಡನೆ ಅನುನಾದದ ಸ್ಥಾನವು ಪಲ್ಲಟವಾಗುವುದನ್ನು ಅಳೆದು, ಗೋಲವನ್ನು ಜೀವದ್ರವ್ಯಗಳ ಪರೀಕ್ಷೆಗೆ ತಂದರು.

ಪಲ್ಲಟವೇಕೆ ಆಗುವುದು? ಪೂರ್ಣವಾಗಿ ಪ್ರತಿಫಲಿಸುವ ಬೆಳಕೂ ಗಾಜಿನ ಗಡಿಯಲ್ಲಿ ಥಟ್ಟನೆ ನಿಲ್ಲುವುದಿಲ್ಲ. ಹೊರಗಣ ನೀರಿನೊಳಕ್ಕೆ ಕೆಲವು ನೂರು ನ್ಯಾನೋಮೀಟರುಗಳಷ್ಟು ಚಾಚಿ, ದೂರ ಹೋದಂತೆ ಕ್ಷಯಿಸುವುದು. ಇದನ್ನು ಕ್ಷಯಶೀಲ ಕ್ಷೇತ್ರವೆನ್ನಬಹುದು. ಹೊಸಿಲಿನ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಗುವಂತೆ, ಇದು ಗಾಜಿನಲ್ಲಿದ್ದುಕೊಂಡೇ ಹೊರಗಣ ವಸ್ತುವನ್ನು ತಡವುತ್ತದೆ. ಗೋಲದ ಮೇಲೆ ಪೊರೆಯು ಕೂತರೆ ಸುತ್ತಿನ ದಾರಿಯು ಅಷ್ಟರಮಟ್ಟಿಗೆ ದೀರ್ಘವಾದಂತಾಗುವುದು. ಅನುನಾದವು ಉದ್ದನೆಯ ಅಲೆಯ ಕಡೆಗೆ ಸರಿಯುವುದು. ೫ ನ್ಯಾನೋಮೀಟರಿನ ಪೊರೆಯು ೧೫೦ ಮೈಕ್ರೋಮೀಟರು ತ್ರಿಜ್ಯದ ಗೋಲಕ್ಕೆ ಮೂವತ್ತು ಸಾವಿರದಲ್ಲಿ ಒಂದು ಪಾಲು. ೧,೩೦೦ ನ್ಯಾನೋಮೀಟರಿನ ಅಲೆಯಲ್ಲಿ ಇದರಿಂದಾಗುವ ಪಲ್ಲಟವು ಸುಮಾರು ೪೦ ಪಿಕೋಮೀಟರು. ಪಿಕೋಮೀಟರೆಂದರೆ ನ್ಯಾನೋಮೀಟರಿನ ಸಾವಿರದಲ್ಲೊಂದು. ಗುಣಾಂಕವು ೧೦ ಲಕ್ಷವಾಗಿದ್ದಲ್ಲಿ ಕುಗ್ಗಿನ ಅಗಲವೇ ಒಂದೂ ಕಾಲು ಪಿಕೋಮೀಟರಿನ ಆಸುಪಾಸು. ಆದುದರಿಂದ ಪೊರೆಯು ಕೂತುದು ನಿಸ್ಸಂಶಯವಾಗಿ ತಿಳಿಯುವುದು. ಪೊರೆಗೆ ಬಣ್ಣವನ್ನಾಗಲಿ ಹೊಳಪಿನ ಗುರುತನ್ನಾಗಲಿ ಹಚ್ಚಬೇಕಾಗಿಲ್ಲವೆಂಬುದು ಈ ಮಾರ್ಗದ ದೊಡ್ಡ ಗುಣ. ಗುರುತು ಹಚ್ಚಿದ ಅಣುವು ಹಚ್ಚದ ಅಣುವಿನಂತೆಯೇ ನಡೆದುಕೊಳ್ಳುವುದೆಂಬ ಭರವಸೆಯಿಲ್ಲವಷ್ಟೆ.

ಗಾಜಿನ ಮೇಲೆ ಪೊರೆಯನ್ನು ಹಾಸುವುದೂ ದುಷ್ಕರವಲ್ಲ. ಲಿಪಿಡಿನ ಕಿರುಗುಳ್ಳೆಗಳನ್ನು ನೀರಿನಲ್ಲಿ ಕದಡಿ ಗಾಜಿಗೆ ಸೋಕಿಸಿದರೆ, ಅವು ಒಡೆದು ಹರಡಿ ಒಂದೇ ಹಾಸಾಗುವುವೆಂಬುದನ್ನು ೧೯೮೦ರ ದಶಕದಲ್ಲಿ ಮೆಕ್‌ಕಾನೆಲ್ ಎಂಬ ವಿದ್ವಾಂಸನೂ ಅವನ ಸಂಗಡಿಗರೂ ತೋರಿಸಿದ್ದರು. ಹೀಗೆ ರ‍್ಯಾಲೆಯು ಬೇರೆಬೇರೆಯಾಗಿ ವಿಚಾರಿಸಿದ ಎರಡು ವಿಷಯಗಳು, ಎಂದರೆ ಗೋಡೆಯನ್ನು ಹಿಡಿದು ಹರಿಯುವ ಪಿಸುಮಾತೂ ಅಣುಮಾತ್ರ ದಪ್ಪದ ಎಣ್ಣೆಯ ಪರೆಯೂ, ನೂರು ವರ್ಷಗಳ ತರುವಾಯ ಒಂದೇ ಗಾಜಿನ ಗೋಲದ ಮೇಲೆ ಸಂಧಿಸಿದುವು.

೫

ಈಗ ನಿಜವಾದೊಂದು ಪ್ರಯೋಗವನ್ನು ನೋಡೋಣ. ಅದರಲ್ಲಿ ಬಳಸಿದ ಪೊರೆಯ ಜಾತಿಯು ಕರಾವಳಿಯವರಿಗೆ ತೀರ ಅಪರಿಚಿತವಾದುದಲ್ಲ. ಅಂಕೋಲೆಯಿಂದ ತೆಂಕಣಕ್ಕೆ ಗಂಗಾವಳಿಯನ್ನು ದಾಟಿ ಗೋಕರ್ಣದ ಆಚೆಗೆ ಹೋದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಬಿಸಿಲಿನಿಂದ ಉಪ್ಪನ್ನು ತೆಗೆಯುವ ಆಗರಗಳಲ್ಲಿ ನೀರು ಬತ್ತಿ ಉಪ್ಪು ಗಟ್ಟಿಯಾಗುತ್ತ ಬಂದಂತೆ ನಸುಗೆಂಪು ಛಾಯೆಯೊಂದು ತೋರುವುದು ಲೋಕದ ಅನೇಕ ಕಡೆಗಳಲ್ಲಿ ಕಂಡಿರುವ ಸಂಗತಿ. ಉಪ್ಪುಹಚ್ಚಿ ಒಣಗಿಸಿದ ಮೀನು ತೇವ ತಗಲಿದಾಗ ಕೆಲವೊಮ್ಮೆ ಅದರ ಮೇಲೆ ಕೆಂಪು ಲೇಪ ಮೂಡುವುದೂ ಇಂತಹುದೇ. ಇತರ ಜೀವಿಗಳು ಬದುಕಲಾರದಷ್ಟು ಉಪ್ಪಿನಲ್ಲಿ ಸುಖವಾಗಿ ಬೆಳೆಯುವ ಲವಣಪ್ರಿಯ ಸೂಕ್ಷ್ಮಜೀವಿಗಳ ಕೆಲಸವಿದು. ಇವುಗಳಲ್ಲಿ ಪ್ರಸಿದ್ಧವಾದ ಒಂದರ ಹೆಸರು ಹ್ಯಾಲೋಬ್ಯಾಕ್ಟೀರಿಯಮ್. ೧೯೨೨ರಲ್ಲಿ ರಾಮನ್ನರ ಲೇಖನವು ಹೊರಟ ವರ್ಷವೇ ಕೆನಡದಲ್ಲಿ ಹ್ಯಾರಿಸನ್ ಮತ್ತು ಕೆನೆಡಿ ಎಂಬವರು ಉಪ್ಪುಮೀನಿನ ಕೆಂಪಿನ ವಿಷಯವಾಗಿ ತಮ್ಮ ಶೋಧನೆಯನ್ನು ಪ್ರಕಟಿಸಿದರು.

೧೯೭೧ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೋಕೆನಿಯಸ್ ಎಂಬವರು ಈ ಜೀವಿಯ ಪೊರೆಯಲ್ಲಿ ನೇರಿಳೆ ಬಣ್ಣದ ತುಣುಕುಗಳನ್ನು ಪರೀಕ್ಷಿಸಿ, ಬಣ್ಣಕ್ಕೆ ಕಾರಣವು ರೆಟಿನಾಲ್ ಎಂಬ ದ್ರವ್ಯವೆಂದು ಕಂಡರು. ಮನುಷ್ಯನ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ದ್ರವ್ಯವೂ ಅದೇ. ಈ ನೇರಿಳೆ ಪೊರೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪ್ರೋಟೀನು, ಒಂದು ಪಾಲು ಲಿಪಿಡ್. ಬೆಳಕು ಬಿದ್ದಾಗ ರೆಟಿನಾಲ್ ತನ್ನ ಬಾಗನ್ನು ಬದಲಿಸಿ, ಪ್ರೋಟಾನೆಂಬ ಕಣವನ್ನು ಕೋಶದ ಒಳಗಿನಿಂದ ಹೊರಕ್ಕೆ ಏತದಂತೆ ಎತ್ತಿಹಾಕುವುದು. ಜೀವಿಗೆ ಬೇಕಾದ ಶಕ್ತಿಯು ಇದರಿಂದ ದೊರೆಯುವುದು.

೨೦೦೭ರಲ್ಲಿ ಟೋಪೊಲಾನ್ಸಿಕ್ ಮತ್ತು ಫೋಲ್ಮರ್ ಈ ನೇರಿಳೆ ಪೊರೆಯ ಒಂದೇ ಹಾಸನ್ನು ಗಾಜಿನ ಗೋಲದ ಮೇಲೆ ಕೂರಿಸಿದರು. ಕೆಂಪಾಚೆಯ ಬೆಳಕು ಗೋಲದೊಳಗೆ ಸುತ್ತುತ್ತಿರಲು, ಹೊರಗಿನಿಂದ ಬೇರೊಂದು ಬೆಳಕನ್ನು ಬೀರಿ ರೆಟಿನಾಲಿನ ಬಾಗನ್ನು ಬದಲಿಸಿದರು, ಅನುನಾದವು ಸರಿಯಿತು. ಬಾಗು ಬದಲಾದ ಅಣುವಿನ ಧ್ರುವಣಶೀಲತೆ, ಎಂದರೆ ಬೆಳಕಿನ ಸೆಳೆತಕ್ಕೆ ಅಣುವಿನ ವಿದ್ಯುತ್ತು ಅತ್ತಿತ್ತ ಓಲುವ ಗುಣ, ಎಷ್ಟು ಕಡಿಮೆಯಾಯಿತೆಂಬುದನ್ನು ಆ ಪಲ್ಲಟದಿಂದ ಗಣಿಸಿದರು. ಇಷ್ಟೇ ಅಲ್ಲ, ಪೊರೆಯನ್ನು ಕುರಿತು ರೆಟಿನಾಲಿನ ಓರೆಯು ಸುಮಾರು ೬೧ ಡಿಗ್ರಿಯೆಂದೂ ನಿರ್ಣಯಿಸಿದರು. ೫ ನ್ಯಾನೋಮೀಟರಿನ ಪೊರೆಯೊಳಗೆ ಹುದುಗಿರುವ ಅಣುವೊಂದರ ಓರೆಯನ್ನು, ಅಣುವನ್ನು ಕಾಣದೆಯೇ ಹೇಳಲಾದುದು ಹೇಗೆಂಬುದೇ ಮುಂದಿನ ಪ್ರಶ್ನೆ.

೬

ಇಲ್ಲಿ ಪೂರ್ವಪಕ್ಷಿಯು ಎದ್ದು ನಿಲ್ಲತಕ್ಕದ್ದು. ಸಾಧನವು ಕೊಡುವುದು ಒಂದೇ ಒಂದು ಸಂಖ್ಯೆ, ಅನುನಾದದ ಪಲ್ಲಟ. ಪಲ್ಲಟವಾದ ಮಾತ್ರಕ್ಕೆ ಪೊರೆಯು ಬಂತೆಂದೋ ಬದಲಾ ಯಿತೆಂದೋ ಹೇಳುವುದು, ನೀರೇರಿದ ಮಾತ್ರಕ್ಕೆ ಮಳೆಯಾಯಿತೆನ್ನುವಂತೆಯೇ ಅಲ್ಲವೆ? ಆಕ್ಷೇಪವು ಸಯುಕ್ತಿಕವಾದುದು, ಗೌತಮನ ಮೂರು ದೋಷಗಳೂ ಇಲ್ಲಿ ಯಥಾವತ್ತಾಗಿ ಕಾಣಬರುವುವು.

ಮೊದಲನೆಯದು ರೋಧ, ಎಂದರೆ ಹೊರಗಣ ಬೇರೊಂದು ಕಾರಣ. ಉಷ್ಣವು ಏರಿದರೆ ಗಾಜು ಹಿಗ್ಗುವುದು, ಅದರ ವಕ್ರೀಭವನಾಂಕವೂ ಹೆಚ್ಚುವುದು. ಒಂದು ಡಿಗ್ರಿಯ ಏರಿಕೆಯಿಂದ ೧,೩೦೦ ನ್ಯಾನೋಮೀಟರಿನ ಅನುನಾದವು ೧೦ ಪಿಕೋಮೀಟರಿನ ಆಸುಪಾಸಿನಷ್ಟು ಸರಿಯುವುದು. ಪೂರ್ತಿಯಾಗಿ ಒಂದು ಪೊರೆ ಕೂತರೆ ಆಗುವ ಪಲ್ಲಟಕ್ಕೆ ನಾಲ್ಕೈದು ಡಿಗ್ರಿಯ ಉಷ್ಣವೇ ಸಾಕು. ಪೊರೆಯೊಳಗಣ ಸೂಕ್ಷ್ಮ ವ್ಯತ್ಯಾಸಗಳನ್ನಂತೂ ಡಿಗ್ರಿಯ ಅಲ್ಪಾಂಶವೇ ಮುಚ್ಚಿಹಾಕಬಲ್ಲುದು. ನೀರಿನ ಉಪ್ಪು ಹೆಚ್ಚುಕಡಿಮೆಯಾದರೂ ಪಲ್ಲಟವುಂಟು; ಕ್ಷಯಶೀಲ ಕ್ಷೇತ್ರವು ಪೊರೆಯನ್ನು ದಾಟಿ ನೀರಿಗೂ ಚಾಚಿರುವುದಷ್ಟೆ. ಕಾಳಿಯ ಅಳಿವೆಯಲ್ಲಿ ಭರತವು ಹೇಗೋ ಇಲ್ಲಿ ಉಷ್ಣವೂ ಉಪ್ಪೂ ಹಾಗೆ.

ಎರಡನೆಯದು ಉಪಘಾತ. ಗೂಡನ್ನು ಕೆಡಿಸಿ ಇರುವೆಯನ್ನು ಪರೀಕ್ಷಿಸಿದಂತೆ, ಸಾಧನವೇ ಪರೀಕ್ಷ್ಯವಸ್ತುವನ್ನು ಕೆಡಿಸಬಹುದು. ಸುತ್ತಿಸುತ್ತಿ ಬಲಗೊಂಡ ಬೆಳಕು ಗಾಜನ್ನೂ ಅದರ ಮೇಲಣ ಪೊರೆಯನ್ನೂ ಬಿಸಿಮಾಡುವುದು. ಲಿಪಿಡ್‌ಗಳಿಗೆ ತುಪ್ಪದಂತೆ ಹೆಪ್ಪುಗಟ್ಟುವ, ಕರಗುವ ಗುಣವಿದೆ. ಪ್ರಯೋಗಗಳಲ್ಲಿ ಬಹಳವಾಗಿ ಬಳಸುವ ಡೈಪಾಮಿಟೈಲ್ ಫಾಸ್ಫಾಟಿಡೈಲ್ ಕೋಲೀನ್ ಎಂಬುದರ ಹಾಸು ೪೧ ಡಿಗ್ರಿಯಲ್ಲಿ ಸಡಿಲವಾಗುವುದು. ಆ ಮಟ್ಟದ ಬಳಿಯಲ್ಲಿ ಅಲ್ಪ ಬಿಸಿಯೂ ಪೊರೆಯ ಸ್ಥಿತಿಯನ್ನೇ ಬದಲಿಸಬಲ್ಲುದು.

ಮೂರನೆಯದು ಸಾದೃಶ್ಯ. ಹಾಸಿನಲ್ಲಿ ತೂತುಗಳಿದ್ದು, ಬರಿಯ ಗಾಜಿನ ಮೇಲೆ ಬೇರಾವುದಾದರೊಂದು ಅಣು ಅಂಟಿಕೊಂಡರೂ ಪಲ್ಲಟವಾಗುವುದು. ಮನುಷ್ಯನು ಕೂಗಿದ ನವಿಲಿನ ಕೂಗು ಇದೇ.

ಇವಕ್ಕೆ ಪರಿಹಾರಗಳೇನು? ಸಿದ್ಧಾಂತಿಯು ನದಿಯಲ್ಲಿ ನೊರೆಯನ್ನೂ ಎಲೆಯನ್ನೂ ಹುಡುಕಿದಂತೆ, ಇಲ್ಲಿಯೂ ವಿಶೇಷಗಳನ್ನು ಹುಡುಕಬೇಕು. ಅವುಗಳಲ್ಲಿ ಮುಖ್ಯವಾದುದು ಬೆಳಕಿನ ದಿಕ್ಕು. ಬೆಳಕಿನ ಅಲೆಯ ಕಂಪನವನ್ನು ಗೋಲದ ಮೈಗೆ ಸಮಾನಾಂತರವಾಗಿ ಇಡಬಹುದು. ಮೈಗೆ ಲಂಬವಾಗಿಯೂ ಇಡಬಹುದು. ಗಾಜಿನ ಉಷ್ಣದಿಂದಾಗುವ ಪಲ್ಲಟವು ಈ ಎರಡು ಬಗೆಯ ಅಲೆಗಳಲ್ಲಿಯೂ ಸುಮಾರಾಗಿ ಒಂದೇ. ಪೊರೆಯ ಸಂಗತಿ ಹಾಗಲ್ಲ. ಲಿಪಿಡಿನ ಬಾಲಗಳು ಹುಲ್ಲಿನಂತೆ ನೆಟ್ಟಗೆ ನಿಂತಿರುವುದರಿಂದ, ಬಾಲದ ನೇರದಲ್ಲಿ ಕಂಪಿಸುವ ಅಲೆಗೆ ಅವು ಹೆಚ್ಚಾಗಿ ಓಗೊಡುವುವು, ಅಡ್ಡಲಾಗಿ ಕಂಪಿಸುವುದಕ್ಕೆ ಕಡಿಮೆ. ಆದುದರಿಂದ ಎರಡು ಪಲ್ಲಟಗಳ ಅನುಪಾತವು ಅಣುಗಳ ನಿಲುವನ್ನು ಹೇಳುವುದು. ಮೇಲ್ಕಂಡ ೬೧ ಡಿಗ್ರಿಯು ದೊರೆತುದು ಈ ಅನುಪಾತದಿಂದಲೇ. ನೀರೇರಿತೆಂಬುದು ಸಾಮಾನ್ಯ, ನೀರಿನೊಡನೆ ಎಲೆಯೂ ಬಂತೆಂಬುದು ವಿಶೇಷ.

ಎರಡನೆಯ ವಿಶೇಷವು ಕುಗ್ಗಿನ ಅಗಲ. ಹಾಸು ನಯವಾಗಿದ್ದರೆ ಅನುನಾದವು ಸರಿಯುವುದೇ ಹೊರತು ಅಷ್ಟಾಗಿ ಅಗಲವಾಗದು. ಒಡೆಯದ ಗುಳ್ಳೆಗಳು ಅಂಟಿಕೊಂಡು ಬೆಳಕನ್ನು ಚದುರಿಸಿದರೆ ಅಗಲವಾಗುವುದು. ಮೂರನೆಯದು ಕಾಲಕ್ರಮ. ಗುಳ್ಳೆಗಳು ಅಂಟುವುದು, ಒಡೆಯುವುದು, ಹರಡುವುದು, ಈ ಘಟ್ಟಗಳಿಗೆ ತಮ್ಮದೇ ಆದ ಗತಿಯುಂಟು. ಉಷ್ಣದ ಅಲೆದಾಟಕ್ಕೆ ಆ ಗತಿಯಿಲ್ಲ. ನಾಲ್ಕನೆಯದು ಪೊರೆಯಿಲ್ಲದ ಮತ್ತೊಂದು ಗೋಲವನ್ನು ಅದೇ ನೀರಿನಲ್ಲಿ ಇಟ್ಟು ಹೋಲಿಸುವುದು. ಎರಡೂ ಸರಿದರೆ ಕಾರಣವು ಹೊರಗಿನದು. ಒಂದೇ ಸರಿದರೆ ಪೊರೆಯದು. ಅನ್ವಯವ್ಯತಿರೇಕಗಳೆಂದು ಶಾಸ್ತ್ರದಲ್ಲಿ ಹೇಳುವುದು ಇದನ್ನೇ. ಕಾಳಿಯೂ ಗಂಗಾವಳಿಯೂ ಒಂದೇ ದಿನ ಏರಿದರೆ ಮಳೆಯನ್ನು ಶಂಕಿಸಬೇಕು; ಕಾಳಿಯೊಂದೇ ಏರಿದರೆ ಕದ್ರಾದ ಬಾಗಿಲುಗಳ ಸಮಾಚಾರವನ್ನು ವಿಚಾರಿಸಬೇಕು.

೭

ಈ ಶೋಧನೆಯ ಪ್ರಯೋಜನವು ಕೇವಲ ಕುತೂಹಲದ್ದಲ್ಲ. ಬಹುತೇಕ ಔಷಧಗಳು ಕೋಶವನ್ನು ಹೊಗುವುದು ಪೊರೆಯ ಮೂಲಕವೇ. ಇಲ್ಲವೆ ಪೊರೆಯಲ್ಲಿ ನಿಂತ ಪ್ರೋಟೀನುಗಳ ಮೇಲೆ ವರ್ತಿಸಿಯೇ. ಕೆಲವು ವಿಷಗಳೂ ರೋಗಾಣುಗಳ ಕೆಲವು ದ್ರವ್ಯಗಳೂ ಪೊರೆಯನ್ನು ತೂತುಮಾಡಿ ಕೋಶವನ್ನು ಕೊಲ್ಲುತ್ತವೆ. ಅವು ಪೊರೆಗೆ ಅಂಟಿದುವೋ, ಒಳಹೊಕ್ಕುವೋ, ಪೊರೆಯನ್ನು ಕೆಡಿಸಿದುವೋ ಎಂಬ ಭೇದವನ್ನು ತಿಳಿಯುವುದು ಚಿಕಿತ್ಸೆಗೆ ಅವಶ್ಯಕ. ಅಂಟಿದುದನ್ನೇ ಕೆಡಿಸಿದುದೆಂದು ಬಗೆದರೆ ಆಗುವ ಅನರ್ಥವನ್ನು ವಿಸ್ತರಿಸಬೇಕಾಗಿಲ್ಲ. ಗಾಜಿನ ಮೇಲೆ ಹಾಸಿದ ಪೊರೆಯು ಜೀವಂತ ಕೋಶದ ಪೊರೆಗೆ ಪ್ರತಿನಿಧಿಯೇ ಹೊರತು ಅದೇ ಅಲ್ಲವೆಂಬುದನ್ನೂ ಮರೆಯಲಾಗದು. ಅದರ ಒಂದು ಮಗ್ಗುಲು ಗಾಜಿಗೆ ತೀರ ಸಮೀಪವಾಗಿದ್ದು, ಆ ಕಡೆಗೆ ನೀರು ತೆಳುವಾದ ಪದರವಾಗಿ ಮಾತ್ರ ಇರುವುದು.

ಸಾಹಿತ್ಯದ ಅಧ್ಯಾಪಕರಿಗೆ ಇದರಲ್ಲಿ ಒಂದು ಹೊಣೆಯಿದೆ. ವಿಜ್ಞಾನದ ಸಂಗತಿಗಳನ್ನು ಕನ್ನಡದಲ್ಲಿ ಬರೆಯುವಾಗ ಕ್ರಿಯಾಪದವನ್ನು ಆರಿಸುವುದೇ ಅತ್ಯಂತ ಕಷ್ಟದ ಕೆಲಸ. ಪಾರಿಭಾಷಿಕ ಪದಗಳು ಹೇಗೋ ಒದಗಿಬರುತ್ತವೆ. ಯಂತ್ರವು ಅಣುವನ್ನು "ಕಂಡಿತು" ಎಂದು ಬರೆದರೆ ಪ್ರತ್ಯಕ್ಷಕ್ಕೆ ಸಲ್ಲುವ ನಂಬಿಕೆಯನ್ನು ಅನುಮಾನಕ್ಕೆ ಕೊಟ್ಟಂತಾಯಿತು. ಓದುವ ಬಾಲಕನು ಮುಂದೆ ಪ್ರಶ್ನಿಸುವುದೇ ಇಲ್ಲ. "ಇಂತಹ ಗುರುತಿನಿಂದ ಇಂತಹುದೆಂದು ಊಹಿಸಲಾಯಿತು, ಬೇರೆ ಕಾರಣಗಳನ್ನು ಈ ಈ ಲಕ್ಷಣಗಳಿಂದ ಕಳೆಯಲಾಯಿತು" ಎಂದು ಬರೆದರೆ ವಾಕ್ಯವು ಉದ್ದವಾಗುವುದು ನಿಜ, ಆದರೆ ಹೇತುವೂ ಅದರ ಪರಿಶುದ್ಧಿಯೂ ಓದುವವನ ಕೈಗೆ ಸಿಗುವುವು. ಶೇಷವತ್, ವ್ಯಭಿಚಾರ, ಅನ್ವಯ, ವ್ಯತಿರೇಕ ಎಂಬ ಮಾತುಗಳು ಈ ಭಾಷೆಯಲ್ಲಿ ಈ ಕೆಲಸಕ್ಕೆಂದೇ ಸಿದ್ಧವಾಗಿ ಇರುವಾಗ ಅವನ್ನು ಟೀಕೆಗಳಲ್ಲಿ ಮಾತ್ರ ಕಾಪಾಡಿಕೊಂಡು ಬರುವುದು ಲೋಭಿಯು ಧನವನ್ನು ಹೂಳಿಟ್ಟಂತೆ.

ಇದರಿಂದ ಗೌತಮಾದಿಗಳಿಗೆ ಸೂಕ್ಷ್ಮಾನುನಾದಕವು ತಿಳಿದಿತ್ತೆಂದು ಯಾರೂ ಭಾವಿಸತಕ್ಕದ್ದಲ್ಲ. ಹಾಗೆ ಹೇಳುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅಪಚಾರ. ಅವರಿಗೆ ತಿಳಿದಿದ್ದುದು ಬೇರೆ, ಮತ್ತು ಅದು ಅಲ್ಪವಲ್ಲ: ಕಾಣದ ವಸ್ತುವನ್ನು ಕಂಡ ಗುರುತಿನಿಂದ ಹೇಳಹೊರಟವನು ಯಾವ ಯಾವ ಎಡೆಗಳಲ್ಲಿ ಜಾರುವನೆಂಬ ತಿಳಿವಳಿಕೆ. ಮಳೆಗಾಲದಲ್ಲಿ ಗಂಗಾವಳಿಯ ದಂಡೆಯಲ್ಲಿ ನಿಂತ ಅಂಬಿಗನು ದೋಣಿಯನ್ನು ಬಿಡುವ ಮೊದಲು ನೀರಿನ ಮಟ್ಟವನ್ನಷ್ಟೇ ನೋಡುವುದಿಲ್ಲ. ಸೆಳವನ್ನು ನೋಡುತ್ತಾನೆ, ಬಣ್ಣವನ್ನು ನೋಡುತ್ತಾನೆ, ಏನು ತೇಲಿ ಬರುತ್ತಿದೆಯೆಂದು ನೋಡುತ್ತಾನೆ. ಭರತದ ಹೊತ್ತನ್ನು ಲೆಕ್ಕಹಾಕುತ್ತಾನೆ. ಗಾಜಿನ ಗೋಲದ ಮುಂದೆ ಕುಳಿತ ವಿಜ್ಞಾನಿಯೂ ಮಾಡತಕ್ಕದ್ದು ಇಷ್ಟೇ.